ಹುಲಿಯ ಹಸಿವಿಗೊಂದು ತೇಪೆ

ಗೋವಿನ ಹಾಡನ್ನು ನಾವು ಸತ್ಯದ ಪಾಠವೆಂದು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಆದರೆ ಆ ಕಥೆಯೊಳಗೆ ಏನೇನಿದೆ ನೋಡಿ: ಹಸಿದ ಹುಲಿ, ಕಡೆಯ ಸಲ ಮೊಲೆಯುಣ್ಣುವ ಕರು, ಅದನ್ನು ಉಳಿದ ಹಸುಗಳಿಗೆ ಒಪ್ಪಿಸಿ ಸಾಯಲು ಹೊರಟ ತಾಯಿ, ಕೊನೆಗೆ ತಾನೇ ಪ್ರಾಣ ಬಿಡುವ ಹುಲಿ. ಈ ಹಾಡನ್ನು ಬಟ್ಟೆಗೆ ತರುವವರು ಕತ್ತಲನ್ನು ಹೊರಗಿನಿಂದ ಹೊತ್ತು ತರಬೇಕಾಗಿಲ್ಲ. ನೀತಿಯ ಕೆಳಗೆ ಮುಚ್ಚಿಹೋದದ್ದನ್ನು ಮೇಲೆತ್ತಿದರೆ ಸಾಕು. ಅದಕ್ಕೆ ನಮ್ಮ ಸೀಮೆಯ ಕೌದಿಗಿಂತ ತಕ್ಕ ಮಾಧ್ಯಮ ನನಗೆ ಕಾಣುತ್ತಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿದ 'ಫೂಲ' ಬೀಳದೆ ಕೌದಿ ಮುಗಿಯಿತು ಅನ್ನಿಸುವುದಿಲ್ಲ. ಈ ಹೊಲಿಗೆಯ ದಾರಿಯೇ ಕಥೆಯ ದಾರಿಯೂ ಆಗಬಲ್ಲದು. ಅಂಚಿಗೆ ದೊಡ್ಡಿ, ಹುಲ್ಲುಗಾವಲು, ಸುತ್ತು ಕಿರಿದಾದಂತೆ ಕಾಡು, ನಡುವಿಗೆ ಹಸಿವು. ಹುಲಿಯ ಚಿತ್ರವೇ ಬೇಡ, ಮಾಸಿದ ಹಳದಿ ತುಂಡೊಂದು ಸಾಕು. ಕೌದಿಯ ಬಟ್ಟೆ ಯಾರದೋ ಮೈಮೇಲೆ ಸವೆದದ್ದು. ಅದನ್ನು ಉಟ್ಟವರು ಈಗ ಇಲ್ಲದಿರಲೂಬಹುದು. ಅಂಗಡಿಯ ಹೊಸ ಬಟ್ಟೆಗೆ ಈ ಭಾರ ಎಲ್ಲಿಂದ ಬರಬೇಕು?

ಮಗು ಹೊದೆಯುವ ಬಟ್ಟೆಯಲ್ಲಿ ಸಾವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಸಾವನ್ನು ಮಗು ಹಾಡಿನಲ್ಲಿ ಆಗಲೇ ಕೇಳಿದೆ. ನಾವು ಅದರ ಬಗ್ಗೆ ಮಾತಾಡಿಲ್ಲ, ಅಷ್ಟೇ. ಮಾತಿಗೆ ಸಿಗದ್ದನ್ನು ಬಟ್ಟೆ ಹೇಳಬಲ್ಲದು. 1973ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಚಿಲಿ ದೇಶದಲ್ಲಿ ಗಂಡ ಮಕ್ಕಳು ಕಣ್ಮರೆಯಾದ ಹೆಂಗಸರು ಬಣ್ಣಬಣ್ಣದ ಚಿಂದಿಗಳಲ್ಲಿ 'ಅರ್ಪಿಯೇರಾ'ಗಳನ್ನು ಹೊಲಿದು, ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಿದರು. ಕೌದಿ ಹಾಸಿಗೆಯ ವಸ್ತು, ಕಲೆಯಲ್ಲ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ: ಸಿದ್ದಿ ಕೌದಿಗಳು 2011ರಲ್ಲೇ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿವೆ. ನನಗೆ ನಿಜಕ್ಕೂ ತೊಡಕಾಗಿ ಕಾಣುವ ಆಕ್ಷೇಪ ಬೇರೆ. ನಮ್ಮ ಪಠ್ಯಪುಸ್ತಕದ ಹಾಡನ್ನು ಸಿದ್ದಿ ಹೆಂಗಸರ ಸೂಜಿಗೆ ಹೊರಿಸಿದರೆ, ಅವರ ಕೈ ನಮ್ಮ ಚಿತ್ರಕ್ಕೆ ಕೂಲಿಯಾಗುವುದಿಲ್ಲವೇ? ಆಗುತ್ತದೆ, ನಕ್ಷೆ ನಮ್ಮದಾದರೆ. ಕಾಳಿ ಹುಲಿ ಸಂರಕ್ಷಿತಾರಣ್ಯದ ಅಂಚಿನಲ್ಲಿ ದನ ಮೇಯಿಸುವವರಿಗೆ ಹುಲಿ ಬರೀ ಕಥೆಯ ಪ್ರಾಣಿಯಲ್ಲ. ಹಾಡನ್ನು ಅವರು ಯಾವ ಕಡೆಯಿಂದ ನೋಡುತ್ತಾರೋ ನಾವು ಊಹಿಸಲಾರೆವು. ಆದ್ದರಿಂದ ಸಂಘವೊಂದು ಇಂಥ ಕೌದಿ ಹೊಲಿಸುವುದಾದರೆ ಹಾಡನ್ನು ಹೇಳಿ, ಮಜೂರಿಯನ್ನು ಮುಂಗಡವಾಗಿ ಕೊಟ್ಟು, ಹುಲಿ ಸಾಯಬೇಕೋ ಬೇಡವೋ ಎಂಬುದನ್ನು ಹೊಲಿಯುವವಳಿಗೇ ಬಿಡಲಿ.