ನಮ್ಮ ಮಾತು ಬರಹಕ್ಕ ಬರಂಗಿಲ್ಲೇನು?

(ಬೆಳ್ಳಿಹಬ್ಬದ ಪೂರ್ವಭಾವಿಯಾಗಿ ಕೊಹಿನೂರದಲ್ಲಿ ಸೇರಿದ್ದ ಸದಸ್ಯರ ಹಾಗೂ ಯುವಕರ ಸಭೆಯಲ್ಲಿ ಮಾಡಿದ ಭಾಷಣ)

ಹಿಂದೆ ಬಾಗಿಲ ಹತ್ತಿರ ನಿಂತಿರುವ ತರುಣ ಮಿತ್ರರೇ,

ಇವತ್ತಿನ ಮಾತು ಬಾಗಿಲ ಹತ್ತಿರ ನಿಂತವರಿಗೇ ಅದ. ಅದಕ್ಕ ಸ್ವಲ್ಪ ಮುಂದ ಬಂದು ಕೂಡ್ರಿ. ಬೀಜ, ಗೊಬ್ಬರ, ಬೆಳೆಸಾಲ, ವಸೂಲಿ ಇವುಗಳ ಲೆಕ್ಕವನ್ನು ಕಾರ್ಯದರ್ಶಿಗಳು ಒಪ್ಪಿಸುತ್ತಾರೆ. ನಮ್ಮ ಪಾಲಿಗೆ ಬಂದದ್ದು ಸ್ಮರಣ ಸಂಚಿಕೆಯ ಕೆಲಸ. ಊರಿನ ಹುಡುಗ ಹುಡುಗಿಯರು ಕಥೆ, ಕವನ, ಚಿತ್ರ ಏನಾದರೂ ಕೊಡಲಿ ಎಂದು ಸಂಘದ ಫಲಕದ ಮೇಲೆ ಬರೆಸಿ ಒಂದು ತಿಂಗಳಾಯಿತು. ಜಾಹೀರಾತು ಬಂದವು, ಶುಭಾಶಯ ಬಂದವು. ನಮ್ಮ ಮಕ್ಕಳ ಬರಹ ಮಾತ್ರ ಒಂದೇ ಒಂದು ಬಂತು. ಅದರಲ್ಲೂ ಕೆಳಗೆ ಬರೆದಿದ್ದ ಹೆಸರನ್ನು ಪೆನ್ನಿನಿಂದ ಗೀಚಿ ಅಳಿಸಲಾಗಿತ್ತು.

ಯಾಕ ತಂಗೀ ಎಂದು ಕೇಳಿದರೆ, "ನಮ್ಮ ಕನ್ನಡ ಶುದ್ಧ ಇಲ್ಲರಿ. ಅರ್ಧ ಉರ್ದು, ಅರ್ಧ ಮರಾಠಿ. ಅಚ್ಚು ಹಾಕಿಸಿದರ ಮಂದಿ ನಗ್ತಾರ" ಎಂದಳು. ಟ್ರ್ಯಾಕ್ಟರಿನ ಟ್ರಾಲಿಗಳ ಮೇಲೆ ನಂದಿ, ನವಿಲು ಬರೆಯುವ ಹುಡುಗನನ್ನು ಮುಖಪುಟಕ್ಕೆ ಚಿತ್ರ ಕೊಡಪ್ಪಾ ಎಂದು ಕೇಳಿದೆವು. "ನಾ ಪೇಂಟರ್ ಇದ್ದೀನ್ರಿ, ಕಲಾವಿದ ಅಲ್ಲ" ಎಂದು ಹೇಳಿ ಬ್ರಷ್ ತೊಳೆದುಕೊಳ್ಳುತ್ತ ಕೂತ.

ಅವರ ಮೇಲೆ ನಮಗೆ ಸಿಟ್ಟು ಬರಲಿಲ್ಲ. ನಾವೂ ಅದೇ ರೋಗ ಉಂಡವರು. ಕಾಲೇಜಿನ ದಿನಗಳಲ್ಲಿ ದೂರದ ಒಂದು ಊರಿನಲ್ಲಿ ಕಥೆ ಓದಲು ನಿಂತಿದ್ದೆವು. "ಹೋಗ್ಯಾನ", "ಬಂದಾಳ" ಎಂಬ ಮಾತು ಬಂದ ಕೂಡಲೇ ಮುಂದಿನ ಸಾಲಿನವರು ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ನಕ್ಕರೋ, ಹೊಸ ಮಾತು ಕೇಳಿದ ಖುಷಿಗೆ ನಕ್ಕರೋ, ಈಗಲೂ ಹೇಳಲಾರೆವು. ಊರಿಗೆ ಬಂದು ಆ ನೋಟಬುಕ್ಕನ್ನು ನೀರು ಕಾಯಿಸುವ ಒಲೆಗೆ ಹಾಕಿದೆವು. ನಕ್ಕವರು ಅರ್ಧ ನಿಮಿಷ ನಕ್ಕಿರಬೇಕು. ನಾವು ಇಪ್ಪತ್ತು ವರ್ಷ ಪೆನ್ನು ಹಿಡಿಯಲಿಲ್ಲ.

ಈ ಅಂಜಿಕೆ ನಮ್ಮೊಳಗೆ ತಾನಾಗಿ ಹುಟ್ಟಿದ್ದಲ್ಲ, ಅದಕ್ಕೊಂದು ಇತಿಹಾಸ ಅದ. ಬೀದರ ಸೀಮೆ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳಿಕೆಯಲ್ಲಿತ್ತು. ಕಚೇರಿ ಉರ್ದು, ದೊಡ್ಡ ಶಾಲೆ ಉರ್ದು, ಹೊಲದ ಕಾಗದಪತ್ರವೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಇಲ್ಲಿನ ಹಿರಿಯರಿಗೆಲ್ಲ ಗೊತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಪುಸ್ತಕಗಳು ಬಂದವು, ಅವುಗಳೊಳಗಿನ ಕನ್ನಡ ಮೈಸೂರಿನದು, ಧಾರವಾಡದ್ದು. ನಮ್ಮ ಅವ್ವ ಮಾತಾಡಿದ್ದು ಆ ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ. ಸಿಗದ್ದಕ್ಕೆ ಅದು ಬರೆಯುವ ಮಾತಲ್ಲ ಎಂದು ಮಕ್ಕಳು ತಿಳಿದರು. ತಪ್ಪು ತಿಳುವಳಿಕೆಯೇ ಸರಿ, ಆದರೆ ಹುಟ್ಟಿದ್ದು ಹೀಗೆ.

ಈಗ ಕಲಬುರಗಿ ಹತ್ತಿರದ ಸಾವಳಗಿಯ ಒಬ್ಬ ಹೆಣ್ಣುಮಗಳ ಸಂಗತಿ ಕೇಳ್ರಿ. ಗೀತಾ ನಾಗಭೂಷಣ, ಹುಟ್ಟಿದ್ದು 1942ರಲ್ಲಿ. ತಂದೆ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನಲ್ಲಿ ಕೂಲಿಕಾರ, ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಓದಿ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದರು, ಮುಂದೆ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಿದರು. ಬರೆಯಲು ಕೂತಾಗ ಅವರು ಯಾರ ಮಾತನ್ನೂ ಸಾಲ ತರಲಿಲ್ಲ. ಕೇರಿಯ ಹೆಂಗಸರು ಹ್ಯಾಂಗ ಜಗಳಾಡ್ತಾರ, ಹ್ಯಾಂಗ ಅಳ್ತಾರ, ಹ್ಯಾಂಗ ಬೈತಾರ, ಹಾಂಗೇ ಬರೆದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರೇ. 2010ರಲ್ಲಿ ಗದಗಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅಧ್ಯಕ್ಷರಾದರು. 2020ರಲ್ಲಿ ತೀರಿಕೊಂಡರು. ಯಾವ ಮಾತಿಗೆ ನಾವು ನೋಟಬುಕ್ಕು ಸುಟ್ಟೆವೋ ಅದೇ ಮಾತಿನಲ್ಲಿ ಅವರು ಕಾದಂಬರಿ ಬರೆದರು ನೋಡ್ರಿ.

ಮರಾಠಿ ಶಾಲೆಗೆ ಹೋದವರು, ಮನೆಯಲ್ಲಿ ಮರಾಠಿ ಆಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಜಯದೇವಿತಾಯಿ ಲಿಗಾಡೆಯವರ ನೆನಪು ಮಾಡಿಕೊಡಬೇಕು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ಮರಾಠಿ, ಎಳೆಯ ವಯಸ್ಸಿಗೇ ಮದುವೆ. ಕನ್ನಡದ ಓದು ಬರಹವನ್ನು ಆಮೇಲೆ ತಾವೇ ಕಷ್ಟಪಟ್ಟು ರೂಢಿಸಿಕೊಂಡರು. "ಮರಾಠಿ ಕಲಿತವಳಿಗೆ ಕನ್ನಡ ಕಾವ್ಯ ಎಲ್ಲಿಂದ ಬರಬೇಕು" ಎಂದು ಅವರೂ ಸುಮ್ಮನೆ ಕೂಡಬಹುದಿತ್ತು. ಕೂಡಲಿಲ್ಲ. ಸೊನ್ನಲಿಗೆಯ ಸಿದ್ಧರಾಮನ ಪುರಾಣವನ್ನು ನಾಲ್ಕು ಸಾವಿರಕ್ಕೂ ಮಿಕ್ಕ ತ್ರಿಪದಿಗಳಲ್ಲಿ ಬರೆದರು. ತ್ರಿಪದಿ ಅಂದ್ರ ಮತ್ತೇನಲ್ಲ, ನಮ್ಮ ಅಜ್ಜಿಯಂದಿರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಮೂರು ಸಾಲು. ವಚನಗಳನ್ನು ಮರಾಠಿಗೂ ತಂದರು, ಅಂದರೆ ಶಾಲೆಯಲ್ಲಿ ಕಲಿತ ಮರಾಠಿಯೂ ವ್ಯರ್ಥ ಹೋಗಲಿಲ್ಲ. 1974ರಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಎರಡನೆಯ ಮಹಿಳೆ ಆ ಕುರ್ಚಿಗೆ ಬರಲು 2000ದ ತನಕ ಕಾಯಬೇಕಾಯಿತು. ಅದು ಬೇರೆ ಮಾತು, ಆ ಬಗ್ಗೆ ಬೇರೆಯೇ ಭಾಷಣ ಬೇಕು. ತಾಯಿಯವರು ಕೊನೆಗಾಲದಲ್ಲಿ ನೆಲೆಸಿದ್ದು ನಮ್ಮ ಬಸವಕಲ್ಯಾಣದಲ್ಲೇ. 1986ರಲ್ಲಿ ಲಿಂಗೈಕ್ಯರಾದರು.

ಇನ್ನು ಉರ್ದು ಬೆರೆತ ಮಾತಿನ ಬಗ್ಗೆ. ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ದಖನಿ ಉರ್ದು, ಬರೆಯುವುದು ಕನ್ನಡ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಎರಡು ಮಾತು ಬೆರೆತ ಮನೆಯಲ್ಲಿ ಬೆಳೆಯುವುದು ಕೊರತೆ ಅಂತ ಇನ್ನೂ ಯಾರು ಹೇಳ್ತೀರಿ?

ಬಸವಕಲ್ಯಾಣದ ಮಣ್ಣಿನ ಮಾತು ಆಡದೆ ಇಲ್ಲಿ ಯಾವ ಭಾಷಣವೂ ಮುಗಿಯಂಗಿಲ್ಲ ಅಂತೀರಿ, ಗೊತ್ತು. ಸ್ವಲ್ಪದರಲ್ಲಿ ಹೇಳುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ವಚನ ಬರೆದವರಲ್ಲಿ ದೋಣಿ ನಡೆಸುವವನಿದ್ದ, ಬಟ್ಟೆ ಒಗೆಯುವವನಿದ್ದ, ಹಗ್ಗ ಹೊಸೆಯುವವನಿದ್ದ, ಅಕ್ಕಿ ಆಯುವ ಲಕ್ಕಮ್ಮ ಇದ್ದಳು. ಅವರಿಗೆ ಪಂಡಿತರ ಭಾಷೆ ಇರಲಿಲ್ಲ. ಕಾಯಕದ ಮಾತೇ ವಚನವಾಯಿತು.

ಆದರೆ ಒಂದು ಎಚ್ಚರ. "ನಿನ್ನಿಂದ ಎಲ್ಲಾ ಆಗ್ತದ, ನಂಬಿದರ ಸಾಕು" ಎಂದು ಚಪ್ಪಾಳೆ ಹೊಡೆಸಿಕೊಳ್ಳುವ ಭಾಷಣ ನಮಗೆ ಸೇರುವುದಿಲ್ಲ. ನಂಬಿಕೆಯಿಂದ ತೊಗರಿ ಬೆಳೆಯಂಗಿಲ್ಲ, ಕಳೆ ತೆಗೀಬೇಕಾಗ್ತದ. "ನನಗೆ ಬರಂಗಿಲ್ಲ" ಅನ್ನುವುದು ಒಂದು, "ನಾನು ಇನ್ನೂ ಕಲಿತಿಲ್ಲ" ಅನ್ನುವುದು ಇನ್ನೊಂದು. ಮೊದಲನೆಯದು ಬಾಗಿಲು ಹಾಕ್ತದ. ಎರಡನೆಯದು ಕೆಲಸ ಹಚ್ತದ.

ಬೀದರದಲ್ಲಿ ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ತಿಳೀತದ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದಾಗ ಬರುವುದು ಒಂದು ಮಂಕು ಪಾತ್ರೆ, ಸಂತೆಯಲ್ಲಿ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಅರದಿಂದ ಉಜ್ಜಬೇಕು, ಮೈಲುತುತ್ತದ ನೀರು ಸವರಿ ಮೈ ಕಪ್ಪಾಗಿಸಿ ಅದರ ಮೇಲೆ ಗೆರೆ ಬರೆಯಬೇಕು, ಉಳಿಯಿಂದ ಕೊರೆಯಬೇಕು, ಕೊರೆದಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸಬೇಕು. ಮತ್ತೆ ಉಜ್ಜಬೇಕು. ಆಗ ಬೆಳ್ಳಿಯೂ ಪಾತ್ರೆಯೂ ಒಂದೇ ಬಣ್ಣ. ಮಾಡಿದ್ದೆಲ್ಲ ಹಾಳಾಯಿತೆಂದು ಹೊಸಬ ತಿಳಿಯುತ್ತಾನೆ. ಕೊನೆಗೆ ಬೀದರ ಕೋಟೆಯೊಳಗಿನ, ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದೆಂದು ಕುಶಲಕರ್ಮಿಗಳು ನಾಲಗೆಗೆ ಹಚ್ಚಿ ನೋಡುತ್ತಾರೆ. 2023ರಲ್ಲಿ ಪದ್ಮಶ್ರೀ ಪಡೆದ ಬೀದರದ ಶಾಹ ರಶೀದ ಅಹ್ಮದ ಖಾದ್ರಿಯವರು ಮಾಡುತ್ತ ಬಂದದ್ದು ಇದೇ ಕೆಲಸ. ಟ್ರಾಲಿಯ ಮೇಲೆ ನವಿಲು ಬರೆಯುವ ತಮ್ಮಾ, ಪೇಂಟರ್ ಯಾರು, ಕಲಾವಿದ ಯಾರು ಎಂಬ ಗೆರೆ ಎಲ್ಲಿ ಅದ, ನೀನೇ ತೋರಿಸು.

ಹಿರಿಯರಲ್ಲಿಯೂ ಒಂದು ವಿನಂತಿ. ಮಗಳು ಬರಕೋತ ಕೂತರೆ "ಇದರಿಂದ ಹೊಟ್ಟೆ ತುಂಬತದೇನು" ಅನ್ನಬ್ಯಾಡ್ರಿ. ತುಂಬಲಿಕ್ಕಿಲ್ಲ, ಒಪ್ಪುತ್ತೇವೆ. ನೀವು ರಾತ್ರಿಯಿಡೀ ಭಜನಿ ಹಾಡಿದ್ದಕ್ಕೂ ಯಾರೂ ರೊಕ್ಕ ಕೊಟ್ಟಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ತಾಯಂದಿರು ಸ್ವಸಹಾಯ ಗುಂಪು ಕಟ್ಟಿ ಈಗ ಠರಾವು ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಮೊದಲ ಸಹಿ ಹಾಕುವಾಗ ಅವರ ಕೈ ಹ್ಯಾಂಗ ನಡುಗಿತ್ತೆಂದು ಮನೆಗೆ ಹೋಗಿ ಮಕ್ಕಳಿಗೆ ಹೇಳಲಿ.

ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿದ್ದೇವೆ. ಜಾಹೀರಾತಿನವರು ಕೇಳಿದರು, ಕೊಟ್ಟಿಲ್ಲ. ಬರುವ ಸೋಮವಾರದ ತನಕ ಅಚ್ಚಿನವರು ಕಾಯುತ್ತಾರೆ. ಹಂತಿ ಪದ, ಮೊಹರಂ ಪದ, ಕಥೆ, ಚಿತ್ರ, ಏನಿದ್ದರೂ ಸಂಘದ ಕಚೇರಿಯಲ್ಲಿ ಕೊಡ್ರಿ. ಕಾಗುಣಿತ ನಾವು ತಿದ್ದುತ್ತೇವೆ, ಮಾತು ತಿದ್ದುವುದಿಲ್ಲ. ಹೆಸರು ಗೀಚಿ ಅಳಿಸಿದ ಆ ಹಾಳೆ ನಮ್ಮ ಚೀಲದಲ್ಲಿ ಹಾಗೇ ಅದ, ತಂಗೀ. ಸಭೆ ಮುಗಿದ ಮೇಲೆ ಬಂದು ಹೆಸರು ಬರೆದು ಹೋಗು.