ಎಂಟೂವರೆ ಬಸ್ಸಿಗೆ ಎಷ್ಟು ಮಂದಿ ಹತ್ತಲಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಮಾತು ಬಸ್ಸಿನ ಬಗ್ಗೆ. ನಿಮ್ಮಲ್ಲಿ ಸುಮಾರು ಮಂದಿ ಇದನ್ನ ಬಸ್ಸಿಗೆ ಕಾಯ್ಕೊಂತ ನಿಂತೇ ಕೇಳ್ತಿರಬಹುದು. ಹಂಗಿದ್ರೆ ಒಂದು ಕಿವಿ ನನ್ನ ಕಡೆ ಇರಲಿ, ಕಣ್ಣು ರಸ್ತೆ ಕಡೆ ಇರಲಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರಿಗೂ ಒಂದು ವಿಷಯ ಸಮ ಐತಿ: ಯಾವುದರಲ್ಲೂ ರೈಲ್ವೆ ನಿಲ್ದಾಣ ಇಲ್ಲ. ಕಿತ್ತೂರಿನ ಮೇಲೆ ಹಾದು ಹೋಗೋ ಧಾರವಾಡ–ಬೆಳಗಾವಿ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು ನಿಜ, ಆದ್ರೆ ನಾಳೆ ಬೆಳಿಗ್ಗೆ ಕಾಲೇಜಿಗೆ ಹೋಗೋಕೆ ಅದು ಉಪಯೋಗಕ್ಕೆ ಬರೋದಿಲ್ಲ. ಇಲ್ಲಿ ಸಾರಿಗೆ ಅಂದ್ರೆ ಬಸ್ಸು. ಬಸ್ ಇಲ್ಲ ಅಂದ್ರೆ ಟಂಟಂ, ಇಲ್ಲಾ ಯಾರದೋ ಬೈಕಿನ ಹಿಂದಿನ ಸೀಟು.

ಇಲ್ಲಿ ಬಸ್ ಓಡಿಸೋದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. 1997ರಲ್ಲಿ ಶುರುವಾಯ್ತು, ಕೇಂದ್ರ ಕಚೇರಿ ಹುಬ್ಬಳ್ಳಿ. ಅದೇ ಹುಬ್ಬಳ್ಳಿ–ಧಾರವಾಡದ ನಡುವೆ 22 ಕಿಲೋಮೀಟರ್ ಚಿಗರಿ ಬಸ್ ಓಡ್ತದೆ, ಅದಕ್ಕೆ ಬೇರೆ ದಾರಿನೇ ಐತಿ. ನಮ್ಮ ಸಣ್ಣ ಊರಿಗೆ ಅಂಥದ್ದು ಬೇಕು ಅಂತ ನಾನು ಹೇಳ್ತಿಲ್ಲ. ನಮಗೆ ಬೇಕಾಗಿರೋದು ಸಣ್ಣದು: ಬರ್ತೀನಿ ಅಂದ ಹೊತ್ತಿಗೆ ಬರೋ ಬಸ್ಸು, ಬಂದಾಗ ಕಾಲಿಡೋಕೆ ಜಾಗ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸಂತೆಗೆ, ದವಾಖಾನೆಗೆ, ತವರಿಗೆ, ಎಲ್ಲಮ್ಮನ ಗುಡ್ಡಕ್ಕೆ, ಮೊದಲು ನಾಲ್ಕು ಸಲ ಲೆಕ್ಕ ಹಾಕಿ ಹೊರಡ್ತಿದ್ದ ಅವ್ವಂದಿರು ಈಗ ಎದ್ದು ಹೊರಡ್ತಾರೆ. ಇದು ದೊಡ್ಡ ಬದಲಾವಣೆ. ಬಸ್ ತುಂಬ್ತು ಅಂತ ಅವರನ್ನ ಬೈಯೋದು ತಪ್ಪು. ಮಂದಿ ಬಸ್ ಹತ್ತಲಿ ಅಂತಾನೇ ಯೋಜನೆ ಮಾಡಿದ್ದು, ಹತ್ತಿದರು. ಇನ್ನು ಕೇಳಬೇಕಾದ ಪ್ರಶ್ನೆ ಒಂದೇ: ಮಂದಿ ಹೆಚ್ಚಾದ ಹೊತ್ತಿಗೆ, ಹೆಚ್ಚಾದ ದಾರಿಗೆ ಬಸ್ಸೂ ಹೆಚ್ಚಾದವಾ?

ಇದಕ್ಕೆ ಉತ್ತರ ಕಂಡಕ್ಟರ್ ಕೈಯಲ್ಲೇ ಐತಿ. ಶೂನ್ಯ ಟಿಕೆಟ್ ಆದ್ರೂ ಹರಿದು ಕೊಡಲೇಬೇಕು, ಯಾಕಂದ್ರೆ ಸರ್ಕಾರ ಆ ಲೆಕ್ಕದ ಮೇಲೆ ಸಂಸ್ಥೆಗೆ ದುಡ್ಡು ಕೊಡ್ತದೆ. ಅಂದ್ರೆ ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಎಷ್ಟು ಜನ ಹೋದರು ಅನ್ನೋದು ಟಿಕೆಟ್ ಮಷೀನಿನಲ್ಲಿ ದಿನಾ ದಾಖಲಾಗ್ತದೆ. ಆದ್ರೆ ಆ ಮಷೀನಿಗೆ ಒಂದು ಸಂಗತಿ ಗೊತ್ತಾಗೋದಿಲ್ಲ. "ಜಾಗಾ ಇಲ್ಲವಾ, ಹಿಂದಿನ ಬಸ್ಸಿಗೆ ಬಾ" ಅಂತ ಬಾಗಿಲಿಂದಲೇ ಹೇಳಿಸಿಕೊಂಡ ಹುಡುಗಿ ಯಾವ ಲೆಕ್ಕದಲ್ಲೂ ಇಲ್ಲ. ಹತ್ತದವರಿಗೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದವರು ಕಾಗದದ ಮೇಲೆ ಇಲ್ಲ.

ಇದು ಸಣ್ಣ ಮಾತಲ್ಲ. ಎಷ್ಟೋ ಮನೆಯಲ್ಲಿ ಮಗಳ ಕಾಲೇಜು ಬಿಡಿಸೋ ಮಾತು ಫೀಸಿನಿಂದ ಶುರುವಾಗೋದಿಲ್ಲ, ಸಂಜೆ ಬಸ್ಸಿನಿಂದ ಶುರುವಾಗ್ತದೆ. ಒಂದು ದಿನ ಬಸ್ ತಪ್ಪಿ ಏಳೂವರೆಗೆ ಮನೆ ಮುಟ್ಟಿದರೆ, "ಸಾಕ್ ಬಿಡವಾ, ಕಲ್ತಿದ್ದು" ಅಂತಾರೆ. ಅಲ್ಲಿಗೆ ಮುಗೀತು.

ಹಂಗಾದ್ರೆ ಏನು ಮಾಡಬಹುದು? ಹೊಸ ಬಸ್ ಕೊಡಿ ಅನ್ನೋದು ಎಲ್ಲರೂ ಹೇಳೋ ಮಾತು, ಅದು ಬೇಕೂ ಬೇಕು. ಅದಕ್ಕಿಂತ ಮೊದಲು ದುಡ್ಡಿಲ್ಲದೆ ಆಗೋ ಒಂದು ಕೆಲಸ ಹೇಳ್ತೀನಿ.

ನಿಮ್ಮ ಹಳ್ಳಿ ತಾಲ್ಲೂಕು ಊರಿನಿಂದ ಹತ್ತು ಕಿಲೋಮೀಟರ್ ಐತಿ ಅಂತ ಇಟ್ಕೊಳ್ರಿ. ನಿಲ್ಲಿಸಿ ನಿಲ್ಲಿಸಿ ಹೋಗಿಬರೋಕೆ ಬಸ್ಸಿಗೆ ಒಂದು ತಾಸು. ಹೈಸ್ಕೂಲು, ಪಿಯುಸಿ, ಡಿಗ್ರಿ ಕಾಲೇಜು, ಐಟಿಐ ಎಲ್ಲಾ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಗಂಟೆ ಬಾರಿಸಿದರೆ, ಒಂದು ಬಸ್ಸಿಗೆ ಒಂದೇ ಟ್ರಿಪ್ ಸಿಗ್ತದೆ, ನೂರು ಮಂದಿ ಒಂದೇ ಬಾಗಿಲಿಗೆ ಮುಗಿಬೀಳ್ತಾರೆ. ಕಾಲೇಜು ಒಂಬತ್ತಕ್ಕೆ, ಹೈಸ್ಕೂಲು ಹತ್ತಕ್ಕೆ ಅಂತ ಹೊಂದಿಸಿದರೆ ಅದೇ ಬಸ್ಸು, ಅದೇ ಡ್ರೈವರು ಎರಡು ಟ್ರಿಪ್ ಹೊಡೀಬಹುದು. ಇದಕ್ಕೆ ಪ್ರಿನ್ಸಿಪಾಲರು, ಶಿಕ್ಷಣ ಇಲಾಖೆಯವರು, ಡಿಪೋ ವ್ಯವಸ್ಥಾಪಕರು ಒಂದು ಮಧ್ಯಾಹ್ನ ಒಂದೇ ಮೇಜಿಗೆ ಕೂತರೆ ಸಾಕು.

ಎರಡನೇದು, ಬಸ್ಸಿಗೆ ಬಸ್ ಕೂಡಿಸೋದು. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ದೇಶಕ್ಕೆಲ್ಲ ಒಂದು ಕ್ರಮ ಐತಿ: ರೈಲು ಪ್ರತಿ ತಾಸೂ ಅದೇ ನಿಮಿಷಕ್ಕೆ. ಹಳ್ಳಿ ಬಸ್ಸನ್ನೂ ರೈಲಿನ ಹೊತ್ತಿಗೆ ಹೊಂದಿಸ್ತಾರೆ. ನಮ್ಮಲ್ಲಿ ರೈಲಿನ ಜಾಗದಲ್ಲಿ ಬೆಳಗಾವಿ ಬಸ್, ಧಾರವಾಡ ಬಸ್ ಇಟ್ಟು ನೋಡ್ರಿ. ಹಳ್ಳಿ ಬಸ್ ಸ್ಟ್ಯಾಂಡ್ ಒಳಗೆ ಬರೋದಕ್ಕೂ ಧಾರವಾಡ ಬಸ್ ಹೊರಗೆ ಹೋಗೋದಕ್ಕೂ ಐದೇ ನಿಮಿಷದ ತಪ್ಪುಗಂಟು ಆದ್ರೆ, ಮುಂದೆ ಒಂದು ತಾಸು ಕಲ್ಲುಬೆಂಚು. ಬಸ್ಸೂ ಐತಿ, ರಸ್ತೆನೂ ಐತಿ, ಕೂಡೋದು ಮಾತ್ರ ಇಲ್ಲ.

ಮೂರನೇದು, ನಮ್ಮ ಸೀಮೆಗೆ ತಕ್ಕ ವೇಳಾಪಟ್ಟಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಲಕ್ಷಗಟ್ಟಲೆ ಮಂದಿ ಬರ್ತಾರೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ವಿಶೇಷ ಬಸ್ ಬಿಡ್ತಾರೆ, ಬಿಡಬೇಕು. ಆದ್ರೆ ಅವು ಆಕಾಶದಿಂದ ಇಳಿಯೋದಿಲ್ಲ, ಒಂದು ರೂಟಿಗೆ ಸೇರಿಸಬೇಕಂದ್ರೆ ಇನ್ನೊಂದರಿಂದ ತೆಗೀಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲು, ಬಸ್ ತಡ. ಮಲಪ್ರಭಾ ತುಂಬಿದರೆ ರಾಮದುರ್ಗದ ಕಡೆ ಸೇತುವೆ ಮುಳುಗ್ತವೆ, 2019ರ ಆಗಸ್ಟ್ ಯಾರೂ ಮರೆತಿಲ್ಲ. ಜಾತ್ರೆ ಎಂದು, ಕಾರ್ಖಾನೆ ಶುರುವಾಗೋದು ಯಾವಾಗ, ಮಳೆ ಯಾವ ತಿಂಗಳು, ಎಲ್ಲಾ ಮೊದಲೇ ಗೊತ್ತಿರೋದೇ. ಯಾವ ದಿನ ಯಾವ ಬಸ್ ಬರೋದಿಲ್ಲ, ಬದಲಿಗೆ ಯಾವುದು ಅಂತ ವಾರ ಮೊದಲು ಬೋರ್ಡಿನ ಮೇಲೆ ಬರೆದರೆ, ಒಂದು ವಾಟ್ಸ್ಯಾಪ್ ಸಂದೇಶ ಬಿಟ್ಟರೆ ಅರ್ಧ ಸಿಟ್ಟು ಅಲ್ಲೇ ಇಳೀತದೆ. ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ ಎಲ್ಲಿ ಬಂತು ಅಂತ ಮೊಬೈಲಿನಲ್ಲೇ ನೋಡ್ತಾರೆ. ಅಲ್ಲಿ ಒಂದು ಬಸ್ ತಪ್ಪಿದರೆ ಇನ್ನೊಂದು ಬರ್ತದೆ. ಇಲ್ಲಿ ತಪ್ಪಿದರೆ ದಿನಾನೇ ತಪ್ಪಿತು. ಆ ಸೌಲಭ್ಯ ಹೆಚ್ಚು ಬೇಕಾಗಿರೋದು ಯಾರಿಗೆ, ನೀವೇ ಹೇಳ್ರಿ.

ಇನ್ನು ನಿಮ್ಮ ಕೆಲಸ. ರಸ್ತೆ ಮೇಲೆ ಕೂತು ಬಸ್ ತಡೆದರೆ ಅವತ್ತು ಅಧಿಕಾರಿ ಬರ್ತಾರೆ, ಮೂರು ದಿನ ಬಸ್ ಬರ್ತದೆ, ನಾಲ್ಕನೇ ದಿನ ಮತ್ತೆ ಅದೇ. ಬಾಗಿಲಲ್ಲಿ ನಿಂತ ಕಂಡಕ್ಟರನ್ನ ಬೈದರೂ ಪ್ರಯೋಜನ ಇಲ್ಲ, ಬಸ್ ಎಷ್ಟು ಅಂತ ಬರೆಯೋರು ಅವರಲ್ಲ. ಬದಲಿಗೆ ನಿಮ್ಮ ಸ್ಟಾಪಿನಲ್ಲಿ ಆರು ದಿನ, ಸೋಮವಾರದಿಂದ ಶನಿವಾರ, ಮೂರೇ ಸಂಗತಿ ಬರೆದಿಡ್ರಿ. ಬಸ್ ಬರಬೇಕಾದ ಹೊತ್ತು. ಬಂದ ಹೊತ್ತು. ಹತ್ತಲಾಗದೆ ಉಳಿದವರು ಎಷ್ಟು. ಆ ಒಂದು ಹಾಳೆಯನ್ನ ಡಿಪೋಕ್ಕೆ ಕೊಡ್ರಿ, ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಟ್ಟು ಠರಾವು ಮಾಡಿಸ್ರಿ, ಇನ್ನೊಂದು ಪ್ರತಿ ಶಾಸಕರಿಗೆ, ಕೆಡಿಪಿ ಸಭೆಯಲ್ಲಿ ಕೇಳಲಿ ಅಂತ. ಸ್ವೀಕೃತಿ ಸಹಿ ತಗೊಳ್ಳೋದು ಮರೀಬ್ಯಾಡ್ರಿ.

"ಬಸ್ ಸರಿಯಾಗಿ ಬರೋದಿಲ್ಲ ಸರ್" ಅನ್ನೋದು ದೂರು. "ಆರು ದಿನದಲ್ಲಿ ನಾಲ್ಕು ದಿನ ತಡ, ಮೂವತ್ತೊಂದು ಮಂದಿ ಹತ್ತಲಿಲ್ಲ" ಅನ್ನೋದು ಲೆಕ್ಕ. ದೂರಿಗೆ "ನೋಡೋಣ" ಅನ್ನಬಹುದು. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಗ್ತದೆ.

ಬಸ್ ಬಂತೇನು? ಹತ್ತ್ರಿ ಮತ್ತ. ಜಾಗ ಸಿಗಲಿಲ್ಲ ಅಂದ್ರೆ ಮೊಬೈಲ್ ತೆಗೆದು ಇವತ್ತಿನ ಮೊದಲ ಸಾಲು ಬರೀರಿ. ಮುಂದಿನ ವಾರ ಸಿಗೋಣ, ಶರಣು.