ಹೊಸದನ್ನು ಮಾಡಹೊರಟವರಿಗೆ ಇಂಬು ಬೇಕು

(ಕಾಲೇಜು ಮತ್ತು ವಿಶ್ವವಿದ್ಯಾಲಯ ಅಧ್ಯಾಪಕರ ಸಮಾವೇಶದಲ್ಲಿ ಆಡಿದ ಮಾತುಗಳು)



‘ನಮ್ಮ ಅಧ್ಯಾಪಕರು ಹೊಸದೇನನ್ನೂ ಮಾಡುವುದಿಲ್ಲ’ ಎಂಬ ದೂರನ್ನು ಹೋದಲ್ಲೆಲ್ಲ ಕೇಳುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದ ನಾನು ಇಂದು ಒಂದು ಮರುಪ್ರಶ್ನೆ ಇಡುತ್ತೇನೆ: ಹೊಸದನ್ನು ಮಾಡಹೊರಟವರಿಗೆ ನಾವು ಏನು ಕೊಟ್ಟಿದ್ದೇವೆ?

ನಾವು ದಿನವೂ ಉಣ್ಣುವ ರಾಗಿಯನ್ನೇ ನೋಡಿ. ಅದರ ಹೂ ಬಹಳ ಸಣ್ಣದು. ಬೆಳಗಿನ ಜಾವ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ಎರಡು ತಳಿಗಳನ್ನು ಕೂಡಿಸುವುದು ತೀರ ಕಷ್ಟ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಈ ಕಷ್ಟಕ್ಕೆ ಎದೆಗೊಟ್ಟರು. ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿದರು. ಎರಡೂ ನಾಡಿನ ಹೆಸರು ಸೇರಿ ‘ಇಂಡಾಫ್’ ಆಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮೂಲಕ ಆ ತಳಿಗಳು ರೈತರ ಹೊಲ ಸೇರಿದವು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

ಇಂಥ ಕೆಲಸಕ್ಕೆ ಎಷ್ಟು ಕಾಲ ಬೇಕು? ಒಮ್ಮೆ ಕೂಡಿಸಿದ ಮೇಲೆ ಆರೇಳು ತಲೆಮಾರು ಬಿತ್ತಿ ಆರಿಸಬೇಕು. ಆಮೇಲೆ ಊರೂರಿನ ಮಣ್ಣಿನಲ್ಲಿ ಪರೀಕ್ಷಿಸಬೇಕು. ಬಿತ್ತಿದ ಬಹುಪಾಲು ಸಾಲುಗಳನ್ನು ‘ಇದು ಬೇಡ’ ಎಂದು ಬಿಡಬೇಕು. ಅದು ಸೋಲಲ್ಲ, ಕೆಲಸದ ಭಾಗ.

ಇನ್ನು ನಮ್ಮ ಅಳತೆಗೋಲು ನೋಡಿ. 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ಕೆಲಸಕ್ಕೆ ಅಂಕ ಹಾಕುವ ಪದ್ಧತಿ ತಂದಿತು. 2018ರಲ್ಲಿ ಅದು ಬದಲಾದರೂ, ಲೇಖನವೊಂದಕ್ಕೆ ಇಷ್ಟು ಅಂಕ ಎಂಬ ಎಣಿಕೆ ಉಳಿಯಿತು. ಮುಖ ನೋಡಿ ಬಡ್ತಿ ಕೊಡುವುದು ತಪ್ಪಲಿ ಎಂಬುದು ಒಳ್ಳೆಯ ಆಶಯವೇ. ಆದರೆ ಹತ್ತು ವರ್ಷದ ಪ್ರಯೋಗ ಒಂದು ಕಡೆ, ಎರಡು ತಿಂಗಳಲ್ಲಿ ಮುಗಿಯುವ ಲೇಖನ ಇನ್ನೊಂದು ಕಡೆ ಇದ್ದರೆ, ಬಡ್ತಿಗೆ ಕಾದಿರುವ ತರುಣರು ಯಾವುದನ್ನು ಆರಿಸಿಕೊಂಡಾರು? ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ಪಾಡಂತೂ ಹೇಳುವುದೇ ಬೇಡ.

ನಿಯಮ ದೆಹಲಿಯದು, ನಿಜ. ಆದರೆ ನಮ್ಮ ಕೈಯಲ್ಲಿರುವುದೂ ಬಹಳ ಇದೆ.

ಮೊದಲನೆಯದು ಬಿಡುವು. ವಾರದಲ್ಲಿ ಅರ್ಧ ದಿನ ಪಾಠ, ಪರೀಕ್ಷೆ, ಸಮಿತಿ ಯಾವುದೂ ಇರಬಾರದು. ಎರಡನೆಯದು ಸಣ್ಣ ಹಣ. ಐದು ಸಾವಿರ ರೂಪಾಯಿಗೆ ಐದು ಸಹಿ ಬೇಡ, ವಿಭಾಗದ ಮುಖ್ಯಸ್ಥರ ಒಂದು ಸಹಿ ಸಾಕು. ಮೂರನೆಯದು ಸಹನೆ. ಫಲ ಕೊಡದ ಪ್ರಯೋಗದ ವರದಿಯನ್ನೂ ಗೌರವದಿಂದ ಓದಬೇಕು, ಏಕೆಂದರೆ ಮುಂದಿನವರು ಅದೇ ದಾರಿ ತುಳಿಯುವುದು ತಪ್ಪುತ್ತದೆ. ನಾಲ್ಕನೆಯದು ಹೆಸರು. ಕಿರಿಯರು ಮಾಡಿದ ಕೆಲಸಕ್ಕೆ ಹಿರಿಯರ ಹೆಸರು ಮುಂದೆ ಬರಬಾರದು.

ಕಾಯಕದ ಮಾತನ್ನು ನಾವು ಪ್ರತಿ ವೇದಿಕೆಯಲ್ಲೂ ಆಡುತ್ತೇವೆ. ಕಾಯಕ ಮಾಡುವವರಿಗೆ ಹೊಲ ಬಿಟ್ಟುಕೊಡುವುದೂ ನಮ್ಮ ಹೊಣೆ. ಬರುವ ವರ್ಷದ ವೇಳಾಪಟ್ಟಿ ಹಾಕುವಾಗ ಆ ಅರ್ಧ ದಿನವನ್ನು ಮೊದಲು ಗುರುತಿಸಿ, ಉಳಿದುದನ್ನು ಆಮೇಲೆ ತುಂಬಿ ಎಂದು ಆಡಳಿತ ಮಂಡಳಿಯ ಹಿರಿಯರಲ್ಲಿ ಬೇಡುತ್ತೇನೆ.